ಗೋಲು ಕಾಯುವವನು: ಹಶೆಕ್ ಬಗ್ಗೆ ನಿಮ್ಮ ಪ್ರಶ್ನೆಗಳು

ಕಳೆದ ಸಂಚಿಕೆಯಲ್ಲಿ ಒಬ್ಬ ಓದುಗರು "ಜಗತ್ತು ಕಂಡ ಅತಿ ದೊಡ್ಡ ಗೋಲ್‌ಕೀಪರ್ ಯಾರು? ಒಂದೇ ಹೆಸರು ಹೇಳಿ" ಎಂದು ಕೇಳಿದ್ದರು. ಅವರ ಮನಸ್ಸಿನಲ್ಲಿದ್ದದ್ದು ಫುಟ್‌ಬಾಲ್ ಇರಬೇಕು. ನಾನು ಬರೆದದ್ದು ಡೊಮಿನಿಕ್ ಹಶೆಕ್ ಹೆಸರು. ಜೆಕ್ ದೇಶದ ಐಸ್ ಹಾಕಿ ಗೋಲ್‌ಕೀಪರ್. 1998ರ ನಗಾನೊ ಒಲಿಂಪಿಕ್ಸ್‌ನಲ್ಲಿ ಕೆನಡಾದ ಐದು ಪೆನಾಲ್ಟಿಗಳಿಗೂ ಗೋಲು ಬಿಡದವರು ಎಂದು ಎರಡೇ ಸಾಲು ಬರೆದು ಮುಂದಿನ ಪ್ರಶ್ನೆಗೆ ಹೋಗಿದ್ದೆ. ಆ ಎರಡು ಸಾಲಿಗೆ ಇಷ್ಟು ಪತ್ರ ಬರುತ್ತವೆ ಅಂತ ಅಂದುಕೊಂಡಿರಲಿಲ್ಲ. ಹೈಸ್ಕೂಲಿನಲ್ಲಿ ಹಾಕಿ ಗೋಲು ಕಾದವನು ನಾನು. ಹಾಗಾಗಿ ಈ ವಿಷಯ ನನಗೆ ತುಂಬ ಹತ್ತಿರದ್ದು. ಈ ಸಲ ಅಂಕಣದ ಪೂರ್ತಿ ಜಾಗ ಹಶೆಕ್ ಅವರಿಗೇ ಬಿಟ್ಟಿದ್ದೇನೆ.

ಸರ್, ನಾನು ಕಾಲೇಜ್ ಟೀಮಿನಲ್ಲಿ ಗೋಲ್‌ಕೀಪರ್. ಐಸ್ ಹಾಕಿ ಯಾವತ್ತೂ ಪೂರ್ತಿ ನೋಡಿಲ್ಲ. ನಮ್ಮ ಹಾಕಿಗೂ ಅದಕ್ಕೂ ಗೋಲ್‌ಕೀಪರ್ ಕೆಲಸದಲ್ಲಿ ಏನು ವ್ಯತ್ಯಾಸ? (ಪಿಯುಸಿ ವಿದ್ಯಾರ್ಥಿ, ಗೋಣಿಕೊಪ್ಪಲು)

ಮೊದಲು ಗೋಲು ನೋಡು ತಮ್ಮಾ. ನೀನು ಕಾಯುವ ಗೋಲು 12 ಅಡಿ ಅಗಲ, 7 ಅಡಿ ಎತ್ತರ. ಅವರದು ಬರೀ 6 ಅಡಿ ಅಗಲ, 4 ಅಡಿ ಎತ್ತರ. ಇಷ್ಟೇನಾ, ಸುಲಭ ಅಲ್ವಾ ಅನ್ನಿಸುತ್ತದೆ. ಆದರೆ ಅಲ್ಲಿ ಚೆಂಡಿಲ್ಲ, ಪಕ್ ಇದೆ. ಮೂರು ಇಂಚು ಅಗಲದ, ಒಂದು ಇಂಚು ದಪ್ಪದ ಗಟ್ಟಿ ರಬ್ಬರ್ ಬಿಲ್ಲೆ. ತೂಕ ಸುಮಾರು 170 ಗ್ರಾಂ. ಪುಟಿಯಬಾರದು ಅಂತ ಪಂದ್ಯಕ್ಕೆ ಮುಂಚೆ ಅದನ್ನು ಫ್ರೀಜರ್‌ನಲ್ಲಿ ಇಟ್ಟಿರುತ್ತಾರೆ. ಜೋರಾಗಿ ಹೊಡೆದರೆ ಗಂಟೆಗೆ 150 ಕಿಲೋಮೀಟರ್ ವೇಗದಲ್ಲಿ ಬರುತ್ತದೆ, ಅದೂ ಹಿಮದ ಮೇಲೆ ಜಾರಿಕೊಂಡು. ನಡುವೆ ನಾಲ್ಕೈದು ಜನ ನಿಂತು ಕಣ್ಣಿಗೆ ಅಡ್ಡವಾಗಿರುತ್ತಾರೆ, ಯಾರದೋ ಕೋಲಿಗೆ ತಾಗಿ ಕೊನೆಯ ಗಳಿಗೆಯಲ್ಲಿ ದಾರಿ ಬದಲಾಯಿಸುವುದೂ ಉಂಟು.

ಇನ್ನೊಂದು ದೊಡ್ಡ ವ್ಯತ್ಯಾಸ ಇದೆ. ಅಲ್ಲಿ ಗೋಲಿನ ಹಿಂದೆಯೂ ಆಟ ನಡೆಯುತ್ತದೆ. ಎದುರಾಳಿ ಪಕ್ ತೆಗೆದುಕೊಂಡು ನಿನ್ನ ಬೆನ್ನ ಹಿಂದೆ ಹೋಗಿ ನಿಲ್ಲಬಹುದು. ನೀನು ಕತ್ತು ತಿರುಗಿಸಿ ಅವನನ್ನು ನೋಡಬೇಕು, ಅದೇ ಹೊತ್ತಿಗೆ ಮುಂದೆ ಯಾರು ಕಾಯುತ್ತಿದ್ದಾರೆ ಅಂತಲೂ ಗೊತ್ತಿರಬೇಕು. 20 ನಿಮಿಷದ ಮೂರು ಅವಧಿಯಲ್ಲಿ ಇಪ್ಪತ್ತೈದು, ಮೂವತ್ತು ಹೊಡೆತ ಬರುವುದು ಮಾಮೂಲು. ಅದಕ್ಕೇ ಅಲ್ಲಿ ಗೋಲ್‌ಕೀಪರ್ ಚೆನ್ನಾಗಿದ್ದರೆ ಸಾಧಾರಣ ತಂಡವೂ ದೊಡ್ಡ ತಂಡವನ್ನು ಸೋಲಿಸುತ್ತದೆ. ಹಶೆಕ್ ಕತೆ ಅರ್ಥವಾಗಬೇಕಾದರೆ ಇದೊಂದು ಮಾತು ನೆನಪಿರಲಿ.

ನಗಾನೊದ ಆ ಐದು ಪೆನಾಲ್ಟಿ ಕತೆಯನ್ನು ಎರಡು ಸಾಲಿನಲ್ಲಿ ಮುಗಿಸಿಬಿಟ್ಟಿರಿ. ಪೂರ್ತಿ ಹೇಳಿ. (ನಿವೃತ್ತ ಬ್ಯಾಂಕ್ ನೌಕರರು, ಶಿವಮೊಗ್ಗ)

ಹೇಳುತ್ತೇನೆ ಸರ್, ನನಗೂ ಹೇಳಬೇಕು ಅಂತಲೇ ಇತ್ತು.

ಅಮೆರಿಕ ಮತ್ತು ಕೆನಡಾದ ತಂಡಗಳು ಆಡುವ ಎನ್‌ಎಚ್‌ಎಲ್ ಲೀಗ್ ಒಲಿಂಪಿಕ್ಸ್‌ಗಾಗಿ ತನ್ನ ಆಟ ನಿಲ್ಲಿಸಿ ಆಟಗಾರರನ್ನು ಕಳಿಸಿಕೊಟ್ಟದ್ದು 1998ರಲ್ಲೇ ಮೊದಲು. ಹಾಗಾಗಿ ಜಪಾನಿನ ನಗಾನೊಗೆ ಜಗತ್ತಿನ ದೊಡ್ಡ ದೊಡ್ಡ ಹೆಸರೆಲ್ಲ ಬಂದಿತ್ತು. ಕೆನಡಾ ತಂಡದಲ್ಲಿ ಐಸ್ ಹಾಕಿಯ ಅತಿ ದೊಡ್ಡ ಆಟಗಾರ ಎಂದು ಹೆಸರಾದ ವೇಯ್ನ್ ಗ್ರೆಟ್ಸ್ಕಿ ಇದ್ದರು. ಅಮೆರಿಕದವರು 1996ರ ವಿಶ್ವಕಪ್ ಗೆದ್ದವರು. ಚಿನ್ನ ಈ ಎರಡರಲ್ಲಿ ಒಬ್ಬರಿಗೆ ಅಂತ ಎಲ್ಲರೂ ನಂಬಿದ್ದರು. ಜೆಕ್ ತಂಡದಲ್ಲಿ ಅರ್ಧದಷ್ಟು ಜನ ಯುರೋಪಿನ ಲೀಗ್‌ಗಳಲ್ಲೇ ಆಡುತ್ತಿದ್ದವರು. ಗೋಲು ಹೊಡೆಯುವುದರಲ್ಲಿ ಹೆಸರಾದ ಯಾರೋಮಿರ್ ಯಾಗರ್ ಇದ್ದರು, ಗೋಲಿನಲ್ಲಿ ಹಶೆಕ್ ಇದ್ದರು, ತರಬೇತುದಾರ ಇವಾನ್ ಹ್ಲಿಂಕಾ.

ಕ್ವಾರ್ಟರ್ ಫೈನಲ್‌ನಲ್ಲಿ ಅಮೆರಿಕವನ್ನು 4-1ರಿಂದ ಮನೆಗೆ ಕಳಿಸಿದರು. ಸೆಮಿಫೈನಲ್ ಕೆನಡಾ ಜೊತೆ. ಎರಡು ಅವಧಿ ಮುಗಿದರೂ ಗೋಲಿಲ್ಲ. ಮೂರನೆಯದರಲ್ಲಿ ಯಿರಿ ಶ್ಲೇಗರ್ ದೂರದಿಂದ ಹೊಡೆದು ಜೆಕ್‌ಗೆ ಒಂದು ಗೋಲು ಕೊಟ್ಟರು. ಇನ್ನೇನು ಗೆದ್ದೇಬಿಟ್ಟರು ಅನ್ನುವಾಗ, ಒಂದು ನಿಮಿಷ ಚಿಲ್ಲರೆ ಉಳಿದಿರುವಾಗ, ಟ್ರೆವರ್ ಲಿಂಡೆನ್ ಹೊಡೆತಕ್ಕೆ ಗೋಲಾಯಿತು. 1-1. ಹೆಚ್ಚುವರಿ ಹತ್ತು ನಿಮಿಷದಲ್ಲಿ ಕೆನಡಾ ಮೇಲೆ ಮೇಲೆ ಬಂದರೂ ಹಶೆಕ್ ಬಿಡಲಿಲ್ಲ. ಪೆನಾಲ್ಟಿಗೆ ಹೋಯಿತು.

ಐಸ್ ಹಾಕಿ ಪೆನಾಲ್ಟಿ ಫುಟ್‌ಬಾಲಿನ ಹಾಗೆ ನಿಂತು ಒದೆಯುವುದಲ್ಲ. ಆಟಗಾರ ಅಂಗಳದ ಮಧ್ಯದಿಂದ ಪಕ್ ತೆಗೆದುಕೊಂಡು ಒಬ್ಬನೇ ಬರುತ್ತಾನೆ. ಎದುರಿಗೆ ಗೋಲ್‌ಕೀಪರ್ ಒಬ್ಬನೇ. ಆ ಕಡೆ ಗೋಲಿನಲ್ಲಿ ಪ್ಯಾಟ್ರಿಕ್ ರುವಾ, ಅವರೂ ಸಾರ್ವಕಾಲಿಕ ದೊಡ್ಡವರಲ್ಲಿ ಒಬ್ಬರು. ಜೆಕ್‌ನ ಮೊದಲ ಆಟಗಾರ ರಾಬರ್ಟ್ ರೈಹೆಲ್ ಗೋಲು ಹೊಡೆದರು. ಎರಡೂ ಕಡೆಯಿಂದ ಆ ದಿನ ಪೆನಾಲ್ಟಿಯಲ್ಲಿ ಬಿದ್ದ ಗೋಲು ಅದೊಂದೇ. ಕೆನಡಾ ಕಡೆಯಿಂದ ಥಿಯೊ ಫ್ಲೂರಿ ಬಂದರು, ಆಗಲಿಲ್ಲ. ರೇ ಬೋರ್ಕ್, ಆಗಲಿಲ್ಲ. ಜೋ ನ್ಯೂವೆಂಡೈಕ್, ಎರಿಕ್ ಲಿಂಡ್ರೋಸ್, ಕೊನೆಗೆ ಬ್ರೆಂಡನ್ ಶಾನಹಾನ್, ಯಾರಿಗೂ ಆಗಲಿಲ್ಲ. ಶಾನಹಾನ್ ಹೊಡೆತ ತಪ್ಪಿದ ತಕ್ಷಣ ಹಶೆಕ್ ಎರಡೂ ಕೈ ಮೇಲೆತ್ತಿ ಕುಣಿದದ್ದನ್ನು ಎಷ್ಟೋ ವರ್ಷದ ಮೇಲೆ ವಿಡಿಯೊದಲ್ಲಿ ನೋಡಿದಾಗಲೂ ನನ್ನ ಕಣ್ಣು ತುಂಬಿತು. ಗ್ರೆಟ್ಸ್ಕಿಯನ್ನು ಕೆನಡಾದ ತರಬೇತುದಾರರು ಐವರಲ್ಲಿ ಸೇರಿಸಿರಲಿಲ್ಲ. ಅವರು ಬೆಂಚಿನಲ್ಲೇ ಕೂತು ನೋಡಿದರು. ಅದರ ಬಗ್ಗೆ ಕೆನಡಾದವರು ಇವತ್ತಿಗೂ ಜಗಳ ಆಡುತ್ತಾರೆ.

ಫೈನಲ್ ಫೆಬ್ರುವರಿ 22ಕ್ಕೆ, ರಷ್ಯಾ ಜೊತೆ. ಇದೇ ರಷ್ಯಾ ಗುಂಪಿನ ಪಂದ್ಯದಲ್ಲಿ ಜೆಕ್ ತಂಡವನ್ನು 2-1ರಿಂದ ಸೋಲಿಸಿತ್ತು. ಇದೇ ರಷ್ಯಾದ ಪಾವೆಲ್ ಬುರೆ ಸೆಮಿಫೈನಲ್‌ನಲ್ಲಿ ಒಬ್ಬರೇ ಐದು ಗೋಲು ಹೊಡೆದು ಬಂದಿದ್ದರು. ಹಶೆಕ್ ಮುಂದೆ ಒಂದೂ ಆಗಲಿಲ್ಲ. ಮೂರನೇ ಅವಧಿಯಲ್ಲಿ ಪೆತ್ರ್ ಸ್ವೊಬೊದಾ ಒಂದು ಗೋಲು ಹೊಡೆದರು, 1-0, ಚಿನ್ನ.

ಇಲ್ಲಿ ಒಂದು ವಿಷಯ ಹೇಳದೆ ಮುಂದೆ ಹೋಗಲು ನನಗೆ ಮನಸ್ಸು ಬರುವುದಿಲ್ಲ. 1968ರಲ್ಲಿ ಸೋವಿಯತ್ ಟ್ಯಾಂಕುಗಳು ಚೆಕೊಸ್ಲೊವಾಕಿಯಾ ಒಳಗೆ ಬಂದಾಗ ಹಶೆಕ್ ಮೂರು ವರ್ಷದ ಮಗು. ಯಾಗರ್ ಬೆನ್ನ ಮೇಲೆ ಹಾಕಿಕೊಳ್ಳುವ 68 ಎಂಬ ನಂಬರ್ ಆ ವರ್ಷದ್ದೇ. ಗೋಲು ಹೊಡೆದ ಸ್ವೊಬೊದಾ 1984ರಲ್ಲಿ ಪಶ್ಚಿಮ ಜರ್ಮನಿಗೆ ಆಡಲು ಹೋದವರು ವಾಪಸ್ ಬರದೆ ತಪ್ಪಿಸಿಕೊಂಡವರು. ಅವರ ಹೆಸರಿಗೆ ಜೆಕ್ ಭಾಷೆಯಲ್ಲಿ ಸ್ವಾತಂತ್ರ್ಯ ಅಂತ ಅರ್ಥ. ಟ್ಯಾಂಕು ಬಂದ ಮೂವತ್ತನೇ ವರ್ಷಕ್ಕೆ, ಸ್ವೊಬೊದಾ ಹೊಡೆದ ಒಂದೇ ಗೋಲಿನಿಂದ ರಷ್ಯಾ ವಿರುದ್ಧ ಚಿನ್ನ. ಪ್ರಾಗ್‌ನಲ್ಲಿ ಆಗ ಬೆಳಗಿನ ಹೊತ್ತು, ಹಳೇ ಪಟ್ಟಣದ ಚೌಕದಲ್ಲಿ ಸಾವಿರಾರು ಜನ ಚಳಿಯಲ್ಲಿ ನಿಂತು ದೊಡ್ಡ ಪರದೆ ಮೇಲೆ ನೋಡುತ್ತಿದ್ದರು. "ಹಶೆಕ್ ಕೋಟೆಗೆ" ಎಂದು ಕೂಗಿದರು. ಪ್ರಾಗ್ ಕೋಟೆ ಅಂದರೆ ಅಲ್ಲಿನ ರಾಷ್ಟ್ರಪತಿ ಕೂರುವ ಜಾಗ. ಆರು ಪಂದ್ಯದಲ್ಲಿ ಒಟ್ಟು ಆರೇ ಗೋಲು ಬಿಟ್ಟವರನ್ನು ರಾಷ್ಟ್ರಪತಿ ಮಾಡಿ ಎನ್ನುವಷ್ಟು ಪ್ರೀತಿ ಅವರಿಗೆ. 2004ರಲ್ಲಿ ಈ ಗೆಲುವಿನ ಮೇಲೆ ಒಂದು ಆಪೆರಾ ಕೂಡ ಪ್ರಾಗ್‌ನಲ್ಲಿ ರಂಗಕ್ಕೆ ಬಂತು.

ಅದೇ ವರ್ಷ ಡಿಸೆಂಬರಿನಲ್ಲಿ ಬ್ಯಾಂಕಾಕ್ ಏಷ್ಯನ್ ಗೇಮ್ಸ್ ಫೈನಲ್. ನಮ್ಮ ಬೆಂಗಳೂರಿನ ಆಶೀಷ್ ಬಲ್ಲಾಳ್ ಟೈಬ್ರೇಕರ್‌ನಲ್ಲಿ ಕೊರಿಯಾದವರ ಹೊಡೆತ ತಡೆದು ಭಾರತಕ್ಕೆ 32 ವರ್ಷದ ಮೇಲೆ ಹಾಕಿ ಚಿನ್ನ ತಂದರು. ಶಿವಮೊಗ್ಗದವರಿಗೆ ಅದು ನೆನಪಿರಬಹುದು. ನನಗೆ ಈ ಎರಡೂ ಒಟ್ಟಿಗೇ ನೆನಪಾಗುತ್ತವೆ.

ನೀವು ಹೇಳುವ ಪ್ರಕಾರ ಇಷ್ಟು ದೊಡ್ಡ ಆಟಗಾರ. ಆದರೆ ನಾನು ನೋಡಿದ ಕಡೆಯಲ್ಲೆಲ್ಲ 29ನೇ ವಯಸ್ಸಿಗೆ ಮೊದಲ ದೊಡ್ಡ ಪ್ರಶಸ್ತಿ ಅಂತ ಇದೆ. ಅಲ್ಲಿವರೆಗೆ ಯಾರ ಕಣ್ಣಿಗೂ ಬೀಳಲಿಲ್ಲವೇ? (ಪ್ರೌಢಶಾಲಾ ಶಿಕ್ಷಕಿ, ಧಾರವಾಡ)

ಮೇಡಂ, ತುಂಬ ಒಳ್ಳೆಯ ಪ್ರಶ್ನೆ. ಹಶೆಕ್ ಬದುಕಿನಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸುವ ಭಾಗ ಇದೇ.

ಹುಟ್ಟಿದ್ದು 1965ರ ಜನವರಿ 29ಕ್ಕೆ, ಪಾರ್ದುಬಿತ್ಸೆ ಎಂಬ ಊರಿನಲ್ಲಿ. ಮಗುವಿಗೆ ಸರಿಯಾದ ಸ್ಕೇಟ್ಸ್ ಕೂಡ ಇರಲಿಲ್ಲ. ಶೂ ಅಡಿಗೆ ಬ್ಲೇಡು ಸ್ಕ್ರೂ ಹಾಕಿ ಕೂರಿಸಿದ್ದರು. ಒಂದು ದಿನ ಒಂಬತ್ತು ವರ್ಷದವರ ತಂಡಕ್ಕೆ ಗೋಲ್‌ಕೀಪರ್ ಬರಲಿಲ್ಲ, ಐದು ವರ್ಷದ ಇವರು ಉದ್ದ ಇದ್ದರು ಅಂತ ನಿಲ್ಲಿಸಿದರು. ಹದಿನಾರನೇ ವಯಸ್ಸಿಗೆ ಅದೇ ಊರಿನ ತಂಡದಲ್ಲಿ ದೇಶದ ಮೇಲಿನ ಲೀಗ್ ಆಡಿದರು. 1987 ಮತ್ತು 1989ರಲ್ಲಿ ಪಾರ್ದುಬಿತ್ಸೆಗೆ ಚಾಂಪಿಯನ್ ಪಟ್ಟ ಬಂತು. ದೇಶದ ವರ್ಷದ ಆಟಗಾರನಿಗೆ ಕೊಡುವ ಚಿನ್ನದ ಹಾಕಿ ಕೋಲು ಇವರಿಗೇ. ಅಂದರೆ ಅವರ ದೇಶದವರ ಕಣ್ಣಿಗೆ ಬಿದ್ದಿದ್ದರು, ಚೆನ್ನಾಗಿಯೇ ಬಿದ್ದಿದ್ದರು.

ಅಮೆರಿಕದ ಕಡೆ ಕತೆ ಬೇರೆ. ಎನ್‌ಎಚ್‌ಎಲ್ ತಂಡಗಳು ಪ್ರತಿ ವರ್ಷ ಹೊಸ ಹುಡುಗರನ್ನು ಸುತ್ತು ಸುತ್ತಾಗಿ ಆರಿಸಿಕೊಳ್ಳುತ್ತವೆ. 1983ರಲ್ಲಿ ಶಿಕಾಗೊ ಬ್ಲ್ಯಾಕ್‌ಹಾಕ್ಸ್ ತಂಡ ಹಾಗೆ ಹಶೆಕ್ ಹೆಸರು ಬರೆದುಕೊಂಡಿತು, ಹತ್ತನೇ ಸುತ್ತಿನಲ್ಲಿ. ಅಷ್ಟು ಹೊತ್ತಿಗೆ ಇನ್ನೂರರ ಹತ್ತಿರ ಹುಡುಗರ ಹೆಸರು ಆಗಿಹೋಗಿತ್ತು. ಆಗ ಕಮ್ಯುನಿಸ್ಟ್ ಸರ್ಕಾರ, ಆಟಗಾರರನ್ನು ಸುಲಭವಾಗಿ ಹೊರಗೆ ಬಿಡುತ್ತಿರಲಿಲ್ಲ. ಹೆಸರು ಬರೆದಿದ್ದಾರೆ ಎಂಬ ಸುದ್ದಿ ಹಶೆಕ್‌ಗೆ ತಿಳಿದದ್ದೇ ಎಷ್ಟೋ ತಿಂಗಳ ಮೇಲೆ. ಸ್ವೊಬೊದಾ ಹಾಗೆ ಇವರು ತಪ್ಪಿಸಿಕೊಂಡು ಹೋಗಲಿಲ್ಲ. ಊರಿನಲ್ಲೇ ಇದ್ದು ಆಡಿದರು, ಓದಿದರು. ನಿಮಗೆ ಇದು ಇಷ್ಟವಾಗಬಹುದು, ಅವರು ಇತಿಹಾಸ ಮತ್ತು ಜೆಕ್ ಭಾಷೆ ಕಲಿಸಲು ಪದವಿ ಪಡೆದವರು. ನಿಮ್ಮ ವೃತ್ತಿಯವರೇ. 1989ರ ಕೊನೆಗೆ ಸರ್ಕಾರ ಬಿತ್ತು, 1990ರಲ್ಲಿ ಅಮೆರಿಕಕ್ಕೆ ಹೊರಟರು. ವಯಸ್ಸು ಆಗಲೇ 25.

ಅಲ್ಲಿ ಹೋದರೆ ಶಿಕಾಗೊದಲ್ಲಿ ಎಡ್ ಬೆಲ್ಫೋರ್ ಎಂಬ ಹೊಸ ಗೋಲ್‌ಕೀಪರ್ ಮಿಂಚುತ್ತಿದ್ದಾರೆ. ಆ ಸೀಸನ್‌ನಲ್ಲಿ 74 ಪಂದ್ಯ ಅವರೇ ಆಡಿದರು. ಹಶೆಕ್‌ಗೆ ಸಿಕ್ಕಿದ್ದು ಐದು. ಉಳಿದ ಹೊತ್ತು ಇಂಡಿಯಾನಾಪೊಲಿಸ್‌ನಲ್ಲಿ ಕೆಳಗಿನ ಲೀಗ್. ಎರಡು ವರ್ಷ ಸೇರಿ ಶಿಕಾಗೊ ಪರ 25 ಪಂದ್ಯ, ಅಷ್ಟೇ. ತನ್ನ ದೇಶದಲ್ಲಿ ಎಲ್ಲರಿಗಿಂತ ಮೇಲಿದ್ದವನು ಬೇರೆ ಭಾಷೆಯ ಊರಿನಲ್ಲಿ ಬೆಂಚು ಕಾಯುವುದು ಅಂದರೆ ಹೇಗಿರುತ್ತದೆ, ಯೋಚನೆ ಮಾಡಿ. 1992ರಲ್ಲಿ ಶಿಕಾಗೊ ಅವರನ್ನು ಬಫಲೊ ಸೇಬರ್ಸ್ ತಂಡಕ್ಕೆ ಕೊಟ್ಟುಬಿಟ್ಟಿತು. ಅಲ್ಲೂ ಗ್ರಾಂಟ್ ಫ್ಯೂರ್ ಎಂಬ ದೊಡ್ಡ ಹೆಸರಿನ ಗೋಲ್‌ಕೀಪರ್ ಬಂದರು, ಇವರು ಮತ್ತೆ ಎರಡನೆಯವರು. 1993ರ ನವೆಂಬರಿನಲ್ಲಿ ಫ್ಯೂರ್‌ಗೆ ಗಾಯವಾಯಿತು. ಹಶೆಕ್ ಒಳಗೆ ಬಂದರು. ಆಮೇಲೆ ಆ ಜಾಗದಿಂದ ಅವರನ್ನು ಏಳಿಸಲು ಯಾರಿಗೂ ಆಗಲಿಲ್ಲ.

ನಮ್ಮ ಭಾಷೆಯಲ್ಲಿ ಒಂದು ಚೆಂದ ಇದೆ ನೋಡಿ ಮೇಡಂ. ಬಸ್ಸಿಗೆ ಕಾಯುತ್ತೇವೆ, ಹೊಲವನ್ನೂ ಕಾಯುತ್ತೇವೆ. ಎರಡಕ್ಕೂ ಒಂದೇ ಮಾತು. ಹಶೆಕ್ ಹತ್ತು ವರ್ಷ ಮೊದಲ ಥರ ಕಾದರು, ಆಮೇಲೆ ಎರಡನೇ ಥರ. ಬಂದ ಮೊದಲ ಪೂರ್ತಿ ಸೀಸನ್‌ನಲ್ಲೇ ಪಂದ್ಯಕ್ಕೆ ಸರಾಸರಿ 1.95 ಗೋಲು ಬಿಟ್ಟರು. ಎರಡಕ್ಕಿಂತ ಕಡಿಮೆಗೆ ಯಾರಾದರೂ ಇಳಿದದ್ದು ಆ ಲೀಗಿನಲ್ಲಿ ಇಪ್ಪತ್ತು ವರ್ಷದಲ್ಲಿ ಅದೇ ಮೊದಲು. ಆ ವರ್ಷದ ಅತ್ಯುತ್ತಮ ಗೋಲ್‌ಕೀಪರ್‌ಗೆ ಕೊಡುವ ವೆಜಿನಾ ಟ್ರೋಫಿ ಬಂತು. ನೀವು ಹೇಳಿದ 29 ಅದೇ.

ಒಂದೇ ಪಂದ್ಯದಲ್ಲಿ 70 ಹೊಡೆತ ತಡೆದರು ಅಂತ ನನ್ನ ಅಣ್ಣ ಹೇಳುತ್ತಾನೆ. ನಿಜವೇ? (ಓದುಗರು, ಮೈಸೂರು)

ನಿಜ, ನಿಮ್ಮ ಅಣ್ಣ ಸರಿ. 1994ರ ಏಪ್ರಿಲ್ 27, ಬಫಲೊದಲ್ಲಿ ನ್ಯೂಜೆರ್ಸಿ ಡೆವಿಲ್ಸ್ ಮೇಲೆ ಪ್ಲೇಆಫ್‌ನ ಆರನೇ ಪಂದ್ಯ. ಪ್ಲೇಆಫ್ ಅಂದರೆ ಸೀಸನ್ ಕೊನೆಯ ನಾಕೌಟ್ ಹಂತ, ಏಳು ಪಂದ್ಯದಲ್ಲಿ ಮೊದಲು ನಾಲ್ಕು ಗೆದ್ದವರು ಮುಂದಕ್ಕೆ. ಸೋತರೆ ಬಫಲೊ ಮನೆಗೆ. 60 ನಿಮಿಷ ಮುಗಿಯಿತು, 0-0. ಪ್ಲೇಆಫ್‌ನಲ್ಲಿ ಪೆನಾಲ್ಟಿ ಇಲ್ಲ, ಗೋಲು ಬೀಳುವ ತನಕ ಆಡುತ್ತಲೇ ಇರಬೇಕು. ಇಪ್ಪತ್ತು ನಿಮಿಷದ ಮೂರು ಹೆಚ್ಚುವರಿ ಅವಧಿ ಪೂರ್ತಿ ಕಳೆಯಿತು. ನಾಲ್ಕನೆಯದರಲ್ಲಿ, ನಡುರಾತ್ರಿ ದಾಟಿ ಎಷ್ಟೋ ಹೊತ್ತಾದ ಮೇಲೆ, ಬಫಲೊದ ಡೇವ್ ಹ್ಯಾನನ್ ಗೋಲು ಹೊಡೆದರು. 125 ನಿಮಿಷಕ್ಕೂ ಜಾಸ್ತಿ ಆಟ, 70 ಹೊಡೆತ, ಒಂದೂ ಗೋಲಿಲ್ಲ. ಆ ಕಡೆ ಗೋಲಿನಲ್ಲಿ ಇದ್ದವರು 21 ವರ್ಷದ ಮಾರ್ಟಿನ್ ಬ್ರೊಡೂರ್, ಅವರೂ ಆ ರಾತ್ರಿ 49 ತಡೆದರು. ಮುಂದೆ ಅವರೂ ದೊಡ್ಡ ಹೆಸರು ಮಾಡಿದರು. ಏಳನೇ ಪಂದ್ಯ ಬಫಲೊ 2-1ರಿಂದ ಸೋತಿತು. ಅದಕ್ಕೆ ಅಣ್ಣನ ಹತ್ತಿರ ಉತ್ತರ ಇರಲಿಕ್ಕಿಲ್ಲ, ನನ್ನ ಹತ್ತಿರವೂ ಇಲ್ಲ.

ಅವರು ಗೋಲಿನಲ್ಲಿ ಬಿದ್ದು ಹೊರಳಾಡುವುದನ್ನು ನೋಡಿದರೆ ಪದ್ಧತಿ ಇಲ್ಲದ ಆಟ ಅನ್ನಿಸುತ್ತದೆ. ಅದೃಷ್ಟ ಅಂತ ನನಗೆ ಅನುಮಾನ. ನಾನು ಮಕ್ಕಳಿಗೆ ತರಬೇತಿ ಕೊಡುವವನು, ಹೀಗೆ ಬೀಳಬೇಡಿ ಅಂತಲೇ ಕಲಿಸುತ್ತೇನೆ. (ಹಾಕಿ ತರಬೇತುದಾರರು, ಹುಬ್ಬಳ್ಳಿ)

ಸರ್, ಅಮೆರಿಕದಲ್ಲಿ ಮೊದಮೊದಲು ಎಲ್ಲರೂ ಇದೇ ಮಾತು ಹೇಳಿದರು. ಅದಕ್ಕೇ ಶಿಕಾಗೊ ಕೈಬಿಟ್ಟದ್ದು ಅಂತಲೂ ನನ್ನ ಅನಿಸಿಕೆ. ಆದರೆ ಅದೃಷ್ಟ ಒಂದು ರಾತ್ರಿ ಇರುತ್ತದೆ, ಒಂದು ವಾರ ಇರುತ್ತದೆ. ಆರು ಸಲ ವೆಜಿನಾ ಟ್ರೋಫಿ ಅದೃಷ್ಟದಿಂದ ಬರುವುದಿಲ್ಲ. 1994, 1995, 1997, 1998, 1999, 2001. ಇಡೀ ಲೀಗಿನ ಅತಿ ಬೆಲೆಬಾಳುವ ಆಟಗಾರನಿಗೆ ಕೊಡುವ ಹಾರ್ಟ್ ಟ್ರೋಫಿ 1997ರಲ್ಲೂ 1998ರಲ್ಲೂ ಬಂತು. ಅದನ್ನು ಎರಡು ಸಲ ಗೆದ್ದ ಗೋಲ್‌ಕೀಪರ್ ಇವರೊಬ್ಬರೇ.

ನಿಧಾನಕ್ಕೆ ಬಿಟ್ಟು ವಿಡಿಯೊ ನೋಡಿ. ಬೀಳುವ ಮೊದಲು ಅವರ ಕಣ್ಣು ಎಲ್ಲಿದೆ ನೋಡಿ. ಪಕ್ ಮೇಲೇ ಇದೆ. ಆಗಿನ ಕಾಲದಲ್ಲಿ ಜನಪ್ರಿಯವಾಗಿದ್ದದ್ದು ರುವಾ ಅವರ ಪದ್ಧತಿ. ಮೊಣಕಾಲು ಊರಿ, ಕೆಳಗಿನ ಕಾಲು ಎರಡೂ ಬದಿಗೆ ಚಿಟ್ಟೆ ರೆಕ್ಕೆಯಂತೆ ಚಾಚಿ, ಗೋಲಿನ ಕೆಳಭಾಗ ಮುಚ್ಚಿ ಪಕ್ ತನ್ನ ಮೈಗೆ ಬಂದು ಬಡಿಯುವಂತೆ ಕೂರುವುದು. ಜಾಗ ಮುಚ್ಚುವ ಲೆಕ್ಕಾಚಾರ. ಹಶೆಕ್ ಮೊದಲು ಹೊಡೆಯುವವನನ್ನು ಓದುತ್ತಿದ್ದರು, ಪಕ್ ಎಲ್ಲಿ ಬೀಳುತ್ತದೆ ಅಂತ ಅವನಿಗೇ ಗೊತ್ತಾಗುವ ಮುಂಚೆ ಅಲ್ಲಿಗೆ ಕೈಯೋ ಕಾಲೋ ಬೆನ್ನೋ ಹೆಲ್ಮೆಟ್ಟೋ ಯಾವುದು ಹತ್ತಿರ ಇದೆಯೋ ಅದನ್ನು ತಲುಪಿಸುತ್ತಿದ್ದರು. ಅಂಗಾತ ಬಿದ್ದು ಎರಡೂ ಕಾಲು ಮೇಲೆತ್ತಿ ತಡೆದದ್ದಿದೆ. ಎಲ್ಲ ಗೋಲ್‌ಕೀಪರ್‌ಗಳೂ ಕೋಲು ಜೀವ ಹೋದರೂ ಬಿಡಬಾರದು ಅಂತ ಕಲಿತಿರುತ್ತಾರೆ, ಇವರು ಕೋಲು ಬಿಸಾಡಿ ಆ ಕೈಯಿಂದ ಪಕ್ ಹಿಡಿಯುತ್ತಿದ್ದರು. ಬೆನ್ನುಮೂಳೆಯಲ್ಲಿ ಸ್ಪ್ರಿಂಗ್ ಇದೆ ಅಂತ ಅಭಿಮಾನಿಗಳು ಹೇಳುತ್ತಿದ್ದದ್ದು ಸುಮ್ನೆ ಅಲ್ಲ, ಅಷ್ಟು ಬಳುಕುವ ಮೈ ಅವರದು. ಮುಖಕ್ಕೆ ಬೇರೆಯವರ ಹಾಗೆ ಬಣ್ಣದ ಮುಖವಾಡ ಇಲ್ಲ, ಹಳೇ ಕಾಲದ ಹೆಲ್ಮೆಟ್, ಮುಂದೆ ಕಂಬಿಯ ಜಾಲರಿ. ಕೊನೆವರೆಗೂ ಅದೇ.

ನಿಮ್ಮ ಮಕ್ಕಳಿಗೆ ಬೀಳಬೇಡಿ ಅಂತ ಕಲಿಸಿ, ಅದು ಸರಿಯೇ. ಆದರೆ ಬಿದ್ದ ಮೇಲೂ ಚೆಂಡು ಬಿಡದ ಹುಡುಗ ಒಬ್ಬ ಸಿಕ್ಕಿದರೆ ಅವನನ್ನು ತಿದ್ದಲು ಅವಸರ ಮಾಡಬೇಡಿ ಸರ್, ಇದು ನನ್ನ ಪ್ರಾರ್ಥನೆ. ಅವರ ಇಡೀ ಎನ್‌ಎಚ್‌ಎಲ್ ಬದುಕಿನ ಲೆಕ್ಕ ತೆಗೆದರೆ ಬಂದ ಪ್ರತಿ ಸಾವಿರ ಹೊಡೆತಕ್ಕೆ 922 ತಡೆದಿದ್ದಾರೆ. 1998-99ರಲ್ಲಂತೂ ಸಾವಿರಕ್ಕೆ 937.

ನಿಮ್ಮ ಹೀರೊ ಒಬ್ಬ ಪತ್ರಕರ್ತನಿಗೆ ಹೊಡೆದಿದ್ದರು. ಅದನ್ನೂ ಬರೆಯಿರಿ. (ಓದುಗರು, ಬೆಂಗಳೂರು)

ಬರೆಯುತ್ತೇನೆ. 1997ರ ಪ್ಲೇಆಫ್ ವೇಳೆ ಅವರಿಗೆ ಮೊಣಕಾಲು ಗಾಯವಾಗಿ ಪಂದ್ಯದ ಮಧ್ಯೆ ಹೊರಗೆ ಹೋದರು. ಒಬ್ಬ ಪತ್ರಕರ್ತರು ಅದರ ಬಗ್ಗೆ ಅನುಮಾನ ಬರುವಂತೆ ಬರೆದರು. ಹಶೆಕ್ ಆ ಪತ್ರಕರ್ತರ ಮೇಲೆ ಕೈ ಮಾಡಿದರು, ಪತ್ರಕರ್ತರ ಅಂಗಿ ಹರಿಯಿತು. ಲೀಗ್ ಮೂರು ಪಂದ್ಯ ಅಮಾನತು ಮಾಡಿತು. ತಪ್ಪು ಅವರದೇ, ಶಿಕ್ಷೆ ಸರಿಯಾಗಿಯೇ ಇತ್ತು.

1999ರ ಫೈನಲ್‌ನಲ್ಲಿ ಅನ್ಯಾಯದಿಂದ ಸೋತರು ಅಂತ ಬಫಲೊದವರು ಇನ್ನೂ ಅಳುತ್ತಾರೆ. ಏನದು? (ಸಾಫ್ಟ್‌ವೇರ್ ಉದ್ಯೋಗಿ, ಟೊರಾಂಟೊ)

1999ರ ಜೂನ್, ಎನ್‌ಎಚ್‌ಎಲ್ ಚಾಂಪಿಯನ್‌ಗೆ ಕೊಡುವ ಸ್ಟ್ಯಾನ್ಲಿ ಕಪ್‌ನ ಫೈನಲ್, ಬಫಲೊ ಎದುರು ಡಲ್ಲಾಸ್. ಡಲ್ಲಾಸ್ ಗೋಲಿನಲ್ಲಿ ಯಾರು ಗೊತ್ತಾ? ಶಿಕಾಗೊದಲ್ಲಿ ಹಶೆಕ್‌ರನ್ನು ಬೆಂಚಿಗೆ ಕೂರಿಸಿದ ಅದೇ ಎಡ್ ಬೆಲ್ಫೋರ್. ಆರನೇ ಪಂದ್ಯ ಬಫಲೊದಲ್ಲಿ, 1-1, ಮೂರನೇ ಹೆಚ್ಚುವರಿ ಅವಧಿ. ಡಲ್ಲಾಸ್‌ನ ಬ್ರೆಟ್ ಹಲ್ ಗೋಲಿನ ಬಾಯಲ್ಲೇ ನಿಂತು ಪಕ್ ಒಳಗೆ ತಳ್ಳಿದರು. ಅವರ ಒಂದು ಕಾಲು ಗೋಲ್‌ಕೀಪರ್‌ನ ನೀಲಿ ಬಣ್ಣದ ಜಾಗದೊಳಗೆ ಇತ್ತು. ಆಗಿನ ನಿಯಮದ ಪ್ರಕಾರ ಪಕ್ ಒಳಗೆ ಬರುವ ಮೊದಲು ಎದುರಾಳಿಯ ಸ್ಕೇಟ್ ಅಲ್ಲಿದ್ದರೆ ಗೋಲಿಲ್ಲ. ಆ ಸೀಸನ್‌ನಲ್ಲಿ ಇದೇ ಕಾರಣಕ್ಕೆ ಎಷ್ಟೋ ಗೋಲು ಕೊಟ್ಟಿರಲಿಲ್ಲ. ಇದನ್ನು ಮಾತ್ರ ಕೊಟ್ಟರು. ಹಲ್ ಮೊದಲೇ ಪಕ್ ಹಿಡಿತಕ್ಕೆ ತೆಗೆದುಕೊಂಡಿದ್ದರು, ಅದು ಕೈತಪ್ಪಲಿಲ್ಲ, ಆದ್ದರಿಂದ ಸರಿ ಅಂತ ಲೀಗ್ ಹೇಳಿತು. ಡಲ್ಲಾಸ್ ಕಪ್ ಎತ್ತಿತು. ಆ ಸೀಸನ್ ಮುಗಿದ ಕೂಡಲೇ ನಿಯಮವನ್ನೇ ತೆಗೆದುಹಾಕಿದರು. ನನ್ನ ಅಭಿಪ್ರಾಯ ಕೇಳಿದರೆ, ಲೀಗ್ ಹೇಳಿದ ಕಾರಣದಲ್ಲಿ ಹುರುಳಿದೆ, ಆದರೆ ಎಲ್ಲರೂ ಅಂಗಳಕ್ಕೆ ನುಗ್ಗುವ ಮೊದಲು ನಿಂತು ನೋಡಿ ತೀರ್ಮಾನ ಕೊಡಬೇಕಿತ್ತು. ಬಫಲೊದವರ ದುಃಖ ಸುಳ್ಳಲ್ಲ.

ಇದಕ್ಕೆ ಒಂದು ಬಾಲ ಇದೆ. 2001ರಲ್ಲಿ ಹಶೆಕ್ ಡೆಟ್ರಾಯ್ಟ್ ರೆಡ್ ವಿಂಗ್ಸ್ ಸೇರಿದರು. 2002ರಲ್ಲಿ, 37ನೇ ವಯಸ್ಸಿಗೆ, ಸ್ಟ್ಯಾನ್ಲಿ ಕಪ್ ಕೈಗೆ ಸಿಕ್ಕಿತು. ಆ ತಂಡದಲ್ಲಿ ಇವರ ಜೊತೆ ಆಡಿದವರು ಬ್ರೆಟ್ ಹಲ್. ನಗಾನೊದ ಕೊನೆಯ ಪೆನಾಲ್ಟಿಯಲ್ಲಿ ಗೋಲು ಹೊಡೆಯಲಾಗದ ಶಾನಹಾನ್ ಕೂಡ.

ನಾವು ಡೆಟ್ರಾಯ್ಟ್ ಹತ್ತಿರ ನೊವೈಯಲ್ಲಿ ಇದ್ದೇವೆ. ಊರು ಹಾಸನ. ಹತ್ತು ವರ್ಷದ ಮಗ ಎರಡು ವರ್ಷದಿಂದ ಐಸ್ ಹಾಕಿ ಆಡುತ್ತಿದ್ದಾನೆ, ಈಗ ಗೋಲ್‌ಕೀಪರ್ ಆಗುತ್ತೇನೆ ಅಂತ ಹಟ. ಸೋತಾಗ ಎಲ್ಲರೂ ಇವನನ್ನೇ ಬೈದರೆ ಅಂತ ನನಗೆ ಭಯ. ಏನು ಮಾಡಲಿ ಅಣ್ಣ? (ಒಬ್ಬ ತಾಯಿ)

ನಿಮ್ಮ ಭಯ ನನಗೆ ಅರ್ಥವಾಗುತ್ತದೆ ತಂಗಿ. ನನ್ನ ಅಮ್ಮನೂ ಮೈದಾನದ ಬದಿಯಲ್ಲಿ ನಿಂತು ಇದೇ ಭಯ ಪಡುತ್ತಿದ್ದರು. ಮುಂದಾಳು ಹತ್ತು ಸಲ ತಪ್ಪಿದರೂ ಯಾರಿಗೂ ನೆನಪಿರುವುದಿಲ್ಲ, ಗೋಲ್‌ಕೀಪರ್ ಒಂದು ಸಲ ತಪ್ಪಿದರೆ ಬೋರ್ಡಿನ ಮೇಲೆ ಬರುತ್ತದೆ.

ಆದರೂ ಬಿಡಿ, ಆಡಲಿ. ಮೊದಲು ಅವನ ಸ್ಕೇಟಿಂಗ್ ಗಟ್ಟಿಯಾಗಲಿ. ಗೋಲ್‌ಕೀಪರ್‌ಗೆ ಸ್ಕೇಟಿಂಗ್ ಅಷ್ಟು ಬೇಡ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಅಡ್ಡಡ್ಡ ಸರಿಯುವುದು, ಬಿದ್ದು ಏಳುವುದು ಎಲ್ಲರಿಗಿಂತ ಜಾಸ್ತಿ ಅವನಿಗೇ ಬೇಕು. ಪ್ಯಾಡು, ಕೈಗವಸು, ಎದೆಗವಚ ಎಲ್ಲ ಸೇರಿದರೆ ಖರ್ಚು ತುಂಬ ಬರುತ್ತದೆ, ಒಂದೆರಡು ವರ್ಷಕ್ಕೆ ಮಗು ಬೆಳೆದು ಚಿಕ್ಕದಾಗುತ್ತದೆ. ಹಾಗಾಗಿ ಕ್ಲಬ್‌ನಲ್ಲಿ ಎರವಲು ಕೊಡುತ್ತಾರಾ ಕೇಳಿ, ಇಲ್ಲವಾದರೆ ಹಳೆಯದು ಹುಡುಕಿ. ಹೆಲ್ಮೆಟ್ ಮತ್ತು ಕುತ್ತಿಗೆ ರಕ್ಷಣೆ ಮಾತ್ರ ಹೊಸದು, ಸರಿಯಾದ ಅಳತೆಯದು. ಮತ್ತೊಂದು, ಪಂದ್ಯ ಮುಗಿಸಿ ಕಾರಿನಲ್ಲಿ ಬರುವಾಗ ಆ ಗೋಲು ಹೇಗೆ ಹೋಯಿತು ಅಂತ ಕೇಳಬೇಡಿ. ಹಸಿವಾಗಿದೆಯಾ ಅಂತ ಕೇಳಿ. ಅವನಿಗೇ ಹೇಳಬೇಕು ಅನ್ನಿಸಿದಾಗ ಹೇಳುತ್ತಾನೆ.

ನಿಮ್ಮ ಊರಿನ ತಂಡದ್ದೇ ಒಂದು ಕತೆ ಅವನಿಗೆ ಹೇಳಿ. 2001ರಲ್ಲಿ ಹಶೆಕ್ ಬಂದಾಗ ಡೆಟ್ರಾಯ್ಟ್‌ನಲ್ಲಿ ಜಾಗ ಕಳೆದುಕೊಂಡವರು ಕ್ರಿಸ್ ಆಸ್ಗುಡ್. ಬೇರೆ ತಂಡಗಳಿಗೆ ಹೋಗಿ ಕೆಲವು ವರ್ಷದ ಮೇಲೆ ವಾಪಸ್ ಬಂದರು. 2008ರ ಪ್ಲೇಆಫ್ ಶುರುವಾದಾಗ ಗೋಲಿನಲ್ಲಿ ಹಶೆಕ್ ಇದ್ದರು. ನ್ಯಾಶ್‌ವಿಲ್ ಮೇಲಿನ ಮೊದಲ ಸುತ್ತಿನ ನಾಲ್ಕನೇ ಪಂದ್ಯದಲ್ಲಿ ಅವರನ್ನು ತೆಗೆದು ಆಸ್ಗುಡ್‌ರನ್ನು ಹಾಕಿದರು. ಆಮೇಲೆ ಕಪ್ ಗೆಲ್ಲುವ ತನಕ ಆಸ್ಗುಡ್ ಅವರೇ ಆಡಿದರು. 43 ವರ್ಷದ, ಆರು ವೆಜಿನಾ ಗೆದ್ದ ಹಶೆಕ್ ಬೆಂಚಿನಲ್ಲಿ ಕೂತರು, ಗಲಾಟೆ ಮಾಡಲಿಲ್ಲ. ಆ ವರ್ಷ ಅತಿ ಕಡಿಮೆ ಗೋಲು ಬಿಟ್ಟ ತಂಡದ ಗೋಲ್‌ಕೀಪರ್‌ಗಳಿಗೆ ಕೊಡುವ ಪ್ರಶಸ್ತಿಯನ್ನು ಇಬ್ಬರೂ ಹಂಚಿಕೊಂಡರು. ಮಗ ಮೊದಲ ಪಂದ್ಯಕ್ಕೆ ನಿಂತ ದಿನ ನನಗೆ ಒಂದು ಸಾಲು ಬರೆಯಿರಿ, ಖಂಡಿತ.

ಎಷ್ಟು ಸಲ ನಿವೃತ್ತರಾದರು ಅವರು? ಲೆಕ್ಕ ತಪ್ಪುತ್ತದೆ. (ಓದುಗರು, ದಾವಣಗೆರೆ)

ಲೆಕ್ಕ ಇಲ್ಲಿದೆ. 2002ರಲ್ಲಿ ಕಪ್ ಗೆದ್ದು ನಿಲ್ಲಿಸಿದರು. ಒಂದು ವರ್ಷ ಬಿಟ್ಟು ಡೆಟ್ರಾಯ್ಟ್‌ಗೆ ವಾಪಸ್, ತೊಡೆಸಂದಿನ ಗಾಯದಿಂದ ಸೀಸನ್ ಅರ್ಧಕ್ಕೇ ಮುಗಿಯಿತು. ಆಮೇಲೆ ಒಟ್ಟಾವಾ ತಂಡ. 2006ರ ಟುರಿನ್ ಒಲಿಂಪಿಕ್ಸ್‌ನಲ್ಲಿ ಮೊದಲ ಪಂದ್ಯದ ಶುರುವಿನಲ್ಲೇ ಮತ್ತೆ ಅದೇ ಥರದ ಗಾಯ. ಮತ್ತೆ ಡೆಟ್ರಾಯ್ಟ್, 2008ರಲ್ಲಿ ಮತ್ತೆ ನಿವೃತ್ತಿ. ಮುಗಿಯಿತು ಅಂದುಕೊಂಡರೆ 2009ರಲ್ಲಿ ಹುಟ್ಟೂರು ಪಾರ್ದುಬಿತ್ಸೆಗೆ ಹೋಗಿ ಗೋಲಿನಲ್ಲಿ ನಿಂತರು. 2010ರಲ್ಲಿ, 45 ವರ್ಷಕ್ಕೆ, ಆ ತಂಡಕ್ಕೆ ಜೆಕ್ ಚಾಂಪಿಯನ್ ಪಟ್ಟ ತಂದುಕೊಟ್ಟರು. 1987ರಲ್ಲಿ ಇದೇ ಊರಿಗೆ ಪಟ್ಟ ತಂದವರೇ 23 ವರ್ಷದ ಮೇಲೆ ಮತ್ತೊಂದು ತಂದರು ಅಂದರೆ ನನಗೆ ಅದು ನಗಾನೊದಷ್ಟೇ ದೊಡ್ಡದು. ಅದಾದ ಮೇಲೂ ಒಂದು ವರ್ಷ ಮಾಸ್ಕೊದ ಸ್ಪಾರ್ಟಕ್ ತಂಡಕ್ಕೆ ಆಡಿದರು. ಕೊನೆಯ ಸಲ ಮುಗಿಯಿತು ಎಂದು ಹೇಳಿದ್ದು 2012ರ ಅಕ್ಟೋಬರಿನಲ್ಲಿ. 2014ರಲ್ಲಿ ಟೊರಾಂಟೊದ ಹಾಕಿ ಹಾಲ್ ಆಫ್ ಫೇಮ್‌ಗೆ ಸೇರಿದರು. 2015ರ ಜನವರಿಯಲ್ಲಿ ಬಫಲೊದವರು ಹಶೆಕ್ ಹಾಕಿಕೊಳ್ಳುತ್ತಿದ್ದ 39ನೇ ನಂಬರನ್ನು ಇನ್ನು ಯಾರಿಗೂ ಕೊಡುವುದಿಲ್ಲ ಎಂದು ಮೇಲೆ ತೂಗುಹಾಕಿದರು. ಒಂದು ಸಣ್ಣ ಗ್ರಹಕ್ಕೂ ಅವರ ಹೆಸರಿದೆ, ಅದರ ನಂಬರ್ 8217.

ಈಗ ಜೆಕ್‌ನಲ್ಲಿ ಅಂಥವರು ಯಾರಿದ್ದಾರೆ? (ಅದೇ ಪಿಯುಸಿ ವಿದ್ಯಾರ್ಥಿ, ಎರಡನೇ ಪತ್ರ)

ಲುಕಾಶ್ ದೊಸ್ತಾಲ್ ಅವರನ್ನು ನೋಡು ತಮ್ಮಾ. ಬ್ರ್ನೊ ಊರಿನವರು, 2000ದಲ್ಲಿ ಹುಟ್ಟಿದವರು, ಅಮೆರಿಕದಲ್ಲಿ ಆನಹೈಮ್ ತಂಡಕ್ಕೆ ಆಡುತ್ತಾರೆ. 2024ರ ಮೇ 26ರಂದು ಪ್ರಾಗ್‌ನಲ್ಲೇ ವಿಶ್ವ ಚಾಂಪಿಯನ್‌ಶಿಪ್ ಫೈನಲ್ ಇತ್ತು, ಸ್ವಿಟ್ಜರ್ಲೆಂಡ್ ಜೊತೆ. ಜೆಕ್ 2-0ರಿಂದ ಗೆದ್ದಿತು. ಮೂರನೇ ಅವಧಿಯಲ್ಲಿ ದವಿದ್ ಪಾಸ್ತರ್ನಾಕ್ ಮೊದಲ ಗೋಲು ಹೊಡೆಯುವ ತನಕ ಒಂದೂ ಒಳಗೆ ಬಿಡದೆ ನಿಂತವರು ದೊಸ್ತಾಲ್. ಮೊದಲು ಆ ಪಂದ್ಯ ನೋಡು, ಆಮೇಲೆ ನಗಾನೊ ಫೈನಲ್ ಹುಡುಕಿ ನೋಡು. ಗೋಲು ಹೊಡೆಯುವವರನ್ನು ಬಿಡು, ಎರಡರಲ್ಲೂ ಗೋಲ್‌ಕೀಪರ್ ಒಬ್ಬರನ್ನೇ ನೋಡು. ಏನು ಕಂಡಿತು ಅಂತ ಮೂರನೇ ಪತ್ರ ಬರೆ.